ರಫು ಅತ್ತೆ ಸೂಜಿ ಕೆಳಗಿಟ್ಟ ಬೆಳಗ್ಗೆ

ಬೀದಿದೀಪಗಳು ಇನ್ನೂ ಆರಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ ರಫು ಅತ್ತೆ ಕಿಟಕಿಗೆ ಒತ್ತಿಕೊಂಡು ಕೂತು, ಬೂದುಬಣ್ಣದ ಉಣ್ಣೆಯ ಕೋಟೊಂದನ್ನು ಬೆಳಕಿಗೆ ಹಿಡಿದಿದ್ದಾರೆ. ಎರಡೂ ಭುಜಗಳಲ್ಲಿ ತೂತು. ಬೆನ್ನಿನಲ್ಲಿ ಬೆರಳು ತೂರುವಷ್ಟು ದೊಡ್ಡದು ಇನ್ನೊಂದು. ಎದುರಿನ ಸ್ಟೂಲಿನ ಮೇಲೆ ಕೋಟು ಹೊಲಿದ ಹುಡುಗಿ ಅಳು ನುಂಗಿಕೊಂಡು ಕೂತಿದ್ದಾಳೆ. ಫ್ಯಾಷನ್ ಡಿಸೈನ್ ವಿದ್ಯಾರ್ಥಿನಿ. ಇವತ್ತೇ ಮಧ್ಯಾಹ್ನ ಕಾಲೇಜಿನಲ್ಲಿ ಉಣ್ಣೆ ಉಡುಪಿನ ಸ್ಪರ್ಧೆ. ಬಟ್ಟೆ ಬಹುಕಾಲ ಬಾಳಬೇಕು, ಪರಿಸರಕ್ಕೆ ಹೊರೆಯಾಗಬಾರದು ಎಂಬುದು ಅದರ ಆಶಯ. ಹಾಸ್ಟೆಲಿನವರು ಎಸೆದ ಕಂಬಳಿಗಳನ್ನು ತಂದು ಆಕೆ ಕೋಟು ಮಾಡಿದ್ದಾಳೆ. ತೂತು ಕಂಡರೆ ವೇದಿಕೆಗೇ ಬಿಡುವುದಿಲ್ಲ.

"ನುಸಿಗುಳಿಗೆ ಇಟ್ಟಿರಲಿಲ್ವಾ?"

"ಅದು ಕೆಮಿಕಲ್ ಅಲ್ವಾ ಅತ್ತೆ, ತೆಗೆದು ಎಸೆದೆ."

"ಒಳ್ಳೇದಾಯ್ತು. ನುಸಿಗಳಾದ್ರೂ ಆರೋಗ್ಯವಾಗಿ ಉಂಡು ಹೋದವು."

ಹರಿದ ಬಟ್ಟೆಯ ತೂತಿಗೆ ಅದೇ ಬಟ್ಟೆಯ ಎಳೆಗಳನ್ನು ಹೆಣೆದು ಮುಚ್ಚುವುದೇ ರಫು. ಕಲಿಸಿದ್ದು ತಾಯಿ. "ಅಮ್ಮ ಶುರುವಿಗೆ ಸೂಜಿನೇ ಕೊಡಲಿಲ್ಲ. ಬರೀ ಎಳೆ ಬಿಡಿಸು, ಎಳೆ ಬಿಡಿಸು. ಕನಸಲ್ಲೂ ಎಳೆ ಬಿಡಿಸ್ತಿದ್ದೆ" ಎನ್ನುತ್ತಾರೆ ಅತ್ತೆ. ಈಗ ದಿನಕ್ಕೆ ಎರಡು ಬಟ್ಟೆ ಮುಗಿದರೆ ಹೆಚ್ಚು. ಕತ್ತು ಬಗ್ಗಿಸಿದರೆ ನೋವು, ಎತ್ತಿದರೆ ತಲೆ ಸುತ್ತು. ಅದಕ್ಕಿಂತ ದೊಡ್ಡ ತಲೆನೋವು ಗಿರಾಕಿಗಳದ್ದು. ಕೆಲಸ ಚೆನ್ನಾಗಿ ಆದಷ್ಟೂ ಜಗಳ. "ಎಲ್ಲಿ ಮಾಡಿದೀರಿ, ತೋರಿಸಿ ಅಂತಾರೆ. ಕಾಣೋ ಹಾಗಿದ್ರೆ ನಾನ್ಯಾಕೆ ಬೇಕಿತ್ತು?" ಅದಕ್ಕೇ ರಫು ಮಾಡಿದ ಜಾಗದ ಸುತ್ತ ಬಿಳಿ ದಾರದಲ್ಲೊಂದು ಸುತ್ತು ಸಡಿಲವಾಗಿ ಹೊಲಿದು ಕೊಡುತ್ತಾರೆ. ಗಿರಾಕಿ ನೋಡಿ ಒಪ್ಪಿದ ಮೇಲೆ ಆ ದಾರ ಎಳೆದು ಬಿಸಾಡುತ್ತಾರೆ.

ಕೌಂಟರಿನಲ್ಲಿ ಕೂರುವ ಗಂಡನದ್ದು ಬೇರೆಯೇ ರಗಳೆ. ಯಾರು ಏನು ತಂದರೂ "ಆಗತ್ತಮ್ಮಾ, ಕೊಟ್ಟು ಹೋಗಿ" ಎಂದುಬಿಡುತ್ತಾರೆ. ನಿನ್ನೆ ಸಂಜೆ ಈ ಹುಡುಗಿಗೂ ಹಾಗೇ ಅಂದು ಕಳಿಸಿದವರು ಅವರೇ. ಈಗ ಅಪರಾಧಿಯ ಹಾಗೆ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಕೋಟಿನ ಮೇಲೆ ಹನಿ ಬೀಳದಿರಲೆಂದು ಲೋಟವನ್ನು ಮಾರುದೂರದಲ್ಲೇ ಇಟ್ಟು, ದೀಪವನ್ನು ಹೆಂಡತಿಯ ಕಡೆಗೆ ಸ್ವಲ್ಪ ತಿರುಗಿಸುತ್ತಾರೆ.

ಅತ್ತೆ ಕೋಟಿನ ಒಳಮಗ್ಗುಲು ತಿರುಗಿಸಿ ಹೊಲಿಗೆ ತಡವುತ್ತಾರೆ. ಒಳಗೆ ಮಡಿಚಿ ಬಿಟ್ಟ ಬಟ್ಟೆಯಿಂದ ಎಳೆ ತೆಗೆಯುವುದು ರಫುವಿನ ರೂಢಿ. ಇಲ್ಲಿ ಮಡಿಕೆಯೇ ಇಲ್ಲ.

"ಒಂದು ಚೂರೂ ವೇಸ್ಟ್ ಆಗಬಾರದು ಅಂತ ಅಂಚಿಗೇ ಕತ್ತರಿಸಿ ಹೊಲಿದೆ ಅತ್ತೆ."

"ಅಯ್ಯೋ ನಿನ್ನ! ಇನ್ನು ಎಳೆ ನನ್ನ ತಲೆಯಿಂದ ಕೀಳ್ಲಾ?"

ಹುಡುಗಿ ಕಣ್ಣೊರೆಸಿಕೊಂಡು ಕೋಟನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾಳೆ. "ಒಳಜೇಬು ಇದೇ ಕಂಬಳೀದು. ಬಿಚ್ಚಲಾ?"

"ಜೇಬಿಲ್ಲದ ಕೋಟಾ?"

"ಇಡೋಕೆ ನನ್ನ ಹತ್ರ ಏನಿದೆ ಅತ್ತೆ?"

ಅತ್ತೆಗೆ ನಗು ಬರುತ್ತದೆ, ತೋರಿಸಿಕೊಳ್ಳುವುದಿಲ್ಲ. ಜೇಬು ಬಿಚ್ಚಿ, ಎಳೆ ಬಿಡಿಸಿ, ಸೂಜಿಗೆ ಪೋಣಿಸಿ ಇನ್ನೇನು ಚುಚ್ಚಬೇಕು, ಹುಡುಗಿ ಮೆಲ್ಲಗೆ ಬಾಯಿ ಬಿಡುತ್ತಾಳೆ. ಉಡುಪಿನ ಒಂದೊಂದು ಹೊಲಿಗೆಯೂ ಸ್ಪರ್ಧಿಯ ಕೈಯದೇ ಆಗಿರಬೇಕಂತೆ.

"ಇದನ್ನ ಮೊದಲೇ ಹೇಳೋಕೆ ಏನು ಧಾಡಿ?"

"ನೀವು ಬೈತಿದ್ರಲ್ಲ, ಮಧ್ಯೆ ಜಾಗ ಸಿಗಲಿಲ್ಲ."

ಬಾಗಿಲಲ್ಲಿದ್ದ ಗಂಡ ದನಿ ತಗ್ಗಿಸುತ್ತಾರೆ. "ನೀನೇ ಮಾಡಿಬಿಡೇ. ನಿನ್ನ ಕೆಲಸ ಯಾರಿಗೆ ಕಾಣತ್ತೆ?" ಅತ್ತೆ ಹುಡುಗಿಯ ಮುಖ ನೋಡುತ್ತಾರೆ. ಆಕೆ ಆಗಲೇ ತಲೆಯಾಡಿಸಿ ಬೇಡವೆನ್ನುತ್ತಿದ್ದಾಳೆ. "ಕಾಣಲ್ಲ ಅಂತ ಕಳ್ಳತನ ಮಾಡೋಕಾಗತ್ತೇನ್ರೀ? ಹೋಗಿ, ಇಸ್ತ್ರಿ ಕಾಯಿಸಿ" ಎಂದು ಗಂಡನನ್ನು ಅಟ್ಟಿ, ಸೂಜಿ ಕೆಳಗಿಟ್ಟು, ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಾರೆ. ಹೊರಗಿದ್ದರೆ ಆ ಕೈಗಳು ಸುಮ್ಮನಿರುವುದಿಲ್ಲ.

ಆಮೇಲಿನದು ಬರೀ ಬಾಯಿಯ ಕೆಲಸ. "ಒಂದು ಎಳೆ ಮೇಲೆ, ಒಂದು ಕೆಳಗೆ. ಕೆಳಗೆ ಅಂದೆ! ಎಳೀಬೇಡ, ಅದೇನು ಬಾವಿ ಹಗ್ಗವಾ? ಬಿಚ್ಚು. ಪೂರ್ತಿ ಬಿಚ್ಚು." ಹುಡುಗಿ ಬಿಚ್ಚುತ್ತಾಳೆ, ಮತ್ತೆ ಹೆಣೆಯುತ್ತಾಳೆ. ಬೆರಳಿಗೆ ಸೂಜಿ ಚುಚ್ಚಿದಾಗ ಅತ್ತೆ ತಮ್ಮ ಬೆರಳತುದಿಗೆ ತೊಟ್ಟ ಲೋಹದ ತೊಪ್ಪಿಗೆ ಕಳಚಿ ಅವಳ ಬೆರಳಿಗೆ ಹಾಕುತ್ತಾರೆ. ಬೈಗುಳ ಮಾತ್ರ ನಿಲ್ಲುವುದಿಲ್ಲ. ಭುಜದ ತೂತುಗಳು ಮುಚ್ಚಿಕೊಳ್ಳುತ್ತವೆ. ಬೆನ್ನಿನದ್ದು ಸ್ವಲ್ಪ ಉಬ್ಬಿಕೊಂಡೇ ಉಳಿಯುತ್ತದೆ. ಹೊತ್ತಾಯಿತು. ಇಸ್ತ್ರಿ ಒತ್ತಿಸಿಕೊಂಡು ಹುಡುಗಿ ಓಡುತ್ತಾಳೆ.

ಸಭಾಂಗಣದ ಕೊನೆಯ ಸಾಲಿನಲ್ಲಿ ಅತ್ತೆ ಕುರ್ಚಿಯ ತುದಿಗೆ ಕೂತಿದ್ದಾರೆ. ಅಂಗಡಿಗೆ ಬೀಗ ಹಾಕಿ ಗಂಡನೂ ಬಂದಿದ್ದಾರೆ. ಕೋಟು ವೇದಿಕೆಗೆ ಬರುತ್ತದೆ, ತಿರುಗುತ್ತದೆ. "ಅಗೋ, ಇಲ್ಲಿಗೂ ಕಾಣ್ತಿದೆ. ಹೇಳಿದೆ, ಎಳೀಬೇಡ ಅಂತ" ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಾರೆ. ತೀರ್ಪುಗಾರ್ತಿಯ ಕಣ್ಣೂ ಅಲ್ಲೇ ಬೀಳುತ್ತದೆ. "ಇದಕ್ಕೆ ಬೇರೆ ಯಾರಾದರೂ ಕೈ ಹಾಕಿದ್ದಾರಾ?"

"ಇಲ್ಲ ಮೇಡಂ. ಒಬ್ಬರು ಪಕ್ಕದಲ್ಲಿ ಕೂತು ಬೈದರು."

ಸಭೆಗೆ ಸಭೆಯೇ ನಗುತ್ತದೆ. ಬಹುಮಾನ ಬೇರೆಯವರಿಗೆ ಹೋಗುತ್ತದೆ. ಅತ್ತೆ ದಾರಿಯುದ್ದಕ್ಕೂ ತೀರ್ಪುಗಾರರನ್ನು ಬೈಯುತ್ತಲೇ ಮನೆ ಸೇರುತ್ತಾರೆ.

ಮರುದಿನ ಸಂಜೆ ಹುಡುಗಿ ಮತ್ತೆ ಹಾಜರ್, ಕೋಟಿನ ಸಮೇತ. "ಬೆನ್ನಿಂದು ಬಿಚ್ಚಿಬಿಟ್ಟೆ ಅತ್ತೆ, ನೋಡೋಕಾಗಲಿಲ್ಲ. ಈಗ ಸ್ಪರ್ಧೆ ಇಲ್ಲ. ನೀವೇ ಮಾಡಬಹುದು."

ಅತ್ತೆ ಕೋಟು ಮುಟ್ಟುವುದಿಲ್ಲ. ಕಿಟಕಿಯ ಪಕ್ಕದಿಂದ ಎದ್ದು, ಬೆಳಕು ಬೀಳುವ ತಮ್ಮ ಜಾಗವನ್ನು ಕೈಯಲ್ಲೇ ಒರೆಸುತ್ತಾರೆ.

"ನನಗೆ ಬೇರೆ ಕೆಲಸ ಇಲ್ವಾ? ಬಾ, ಇಲ್ಲಿ ಕೂತ್ಕೋ. ಈ ಸಲ ಎಳೆದ್ರೆ ನೋಡು."