ಹುಣ್ಣಿಮೆ ಕಳೆದ ಎರಡನೆಯ ಸಂಜೆ

ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿದರೆ ಇಂದಿಗೂ ನನ್ನ ಉಸಿರು ತಾನಾಗಿಯೇ ನಿಲ್ಲುತ್ತದೆ. ಹೊಸೂರಿನ ಈ ಮೂರನೆಯ ಮಹಡಿಯಲ್ಲಿ ಒಗ್ಗರಣೆ ಸೀದರೆ ಸಾಕು, ಮನಸ್ಸು ಜವಳಗಿರಿಯ ಕಾಡಂಚಿನ ನಮ್ಮ ಹೆಂಚಿನ ಮನೆಗೆ ಓಡುತ್ತದೆ. ರಾಗಿ ಬಲಿಯುವ ತಿಂಗಳಲ್ಲಿ ಅಜ್ಜಿ ಹೊಲದ ಬದುವಿನ ಮೇಲೆ ಬೆರಣಿಯ ಜೊತೆ ಮೆಣಸಿನಕಾಯಿ ಸುಟ್ಟು ಹೊಗೆ ಹಾಕುತ್ತಿದ್ದಳು. ಆನೆಗಳು ಆ ಘಾಟಿಗೆ ಹಿಂಜರಿಯುತ್ತಿದ್ದವು. ಅಜ್ಜಿಗೆ ಕ್ಯಾಲೆಂಡರು ಬೇಕಿರಲಿಲ್ಲ. ಅಮಾವಾಸ್ಯೆ ಕಳೆದು ಪಡುವಣದಲ್ಲಿ ಉಗುರಿನಷ್ಟು ಚಂದ್ರ ಕಂಡ ಸಂಜೆಯಿಂದ ಎಣಿಸತೊಡಗಿದರೆ, ಅವನು ಅರ್ಧವಾಗುವುದು, ತುಂಬುವುದು, ಮತ್ತೆ ಸವೆದು ಬೆಳಗಿನ ಜಾವಕ್ಕೆ ಸರಿಯುವುದು, ಎಲ್ಲವೂ ಅವಳ ಬೆರಳ ಗೆಣ್ಣುಗಳಲ್ಲಿ ಇರುತ್ತಿತ್ತು.

ನನಗಾಗ ಒಂಬತ್ತು ವರ್ಷ. ಹೊಸೂರಿನ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದವನು ಬಟ್ಟೆ ಕೊಡಿಸಲು ನನ್ನನ್ನು ತಳಿ ಪೇಟೆಗೆ ಹೊರಡಿಸಿದ. ಅಜ್ಜಿ ಬಾಗಿಲಲ್ಲೇ ತಡೆದಳು.

"ಹೊತ್ತು ಮುಳುಗೋಕ್ ಮುಂಚೆ ಬಂದ್ಬುಡ್ಲಾ. ಹುಣ್ಣಿಮೆ ಆಗಿ ಎರಡು ದಿನ ಆಯ್ತು, ಚಂದ್ರ ತಡವಾಗಿ ಹುಟ್ತಾನೆ."

"ಮೊನ್ನೆ ತಾನೆ ಹುಣ್ಣಿಮೆ, ಬೆಳ್ದಿಂಗ್ಳು ಎಲ್ಲಿಗೆ ಹೋಗ್ಬುಡ್ತದವ್ವಾ?" ಎಂದು ಚಿಕ್ಕಪ್ಪ ನಕ್ಕುಬಿಟ್ಟ.

ವಾಪಸು ಬರುವ ಬಸ್ಸು ದಾರಿಯಲ್ಲಿ ಕೆಟ್ಟು ತಡವಾಯಿತು. ನಾವು ಇಳಿದಾಗ ಸೂರ್ಯ ಮುಳುಗಿದ್ದ. ಮನೆಗೆ ಇನ್ನೂ ಒಂದೂವರೆ ಮೈಲಿ ಕಾಲುದಾರಿ. ಚಿಕ್ಕಪ್ಪನ ಮೊಬೈಲಿನಲ್ಲಿ ಚಾರ್ಜು ಮುಗಿದಿತ್ತು. ಅವನು ಮತ್ತೆ ಮತ್ತೆ ಮೂಡಣ ದಿಕ್ಕು ನೋಡುತ್ತಾ ನಡೆದ. ಅಲ್ಲಿ ಏನೂ ಇರಲಿಲ್ಲ. ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ಪಾದ ನನಗೇ ಕಾಣದಾಯಿತು. ಆಗಲೇ ಪಕ್ಕದಲ್ಲಿ ಕೊಂಬೆಯೊಂದು ಮುರಿಯಿತು. ಚಿಕ್ಕಪ್ಪ ನನ್ನನ್ನು ಬಂಡೆಯ ಮರೆಗೆ ಎಳೆದು ಬಾಯಿ ಮುಚ್ಚಿದ. ಕತ್ತಲಲ್ಲಿ ಹಸಿ ಕೆಸರಿನ ವಾಸನೆ, ಹೊಟ್ಟೆಯೊಳಗಿಂದ ಉರುಳಿ ಬರುವಂಥ ಗುಡುಗುಡು ಸದ್ದು. ಆನೆಗಳು ಎಷ್ಟು ಇವೆ, ಯಾವ ಕಡೆ ಇವೆ, ತಿಳಿಯದು. ಹುಣ್ಣಿಮೆಯಂದು ಸೂರ್ಯ ಮುಳುಗುತ್ತಿದ್ದಂತೆ ಎದುರಿಗೆ ಹುಟ್ಟುವ ಚಂದ್ರ ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಹಿಂದೆ ಬೀಳುತ್ತಾನೆ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಎರಡು ದಿನಕ್ಕೆ ಒಂದೂವರೆ ಗಂಟೆ. ಅದರಲ್ಲಿ ಎಷ್ಟು ಕಳೆದಿದೆ, ಎಷ್ಟು ಉಳಿದಿದೆ ಎಂದು ಮಾತ್ರ ಗೊತ್ತಾಗಲಿಲ್ಲ.

ಕೊನೆಗೆ ಗುಡ್ಡದ ಅಂಚು ಕೆಂಪಾಯಿತು. ಒಂದು ಬದಿ ತುಸು ತಗ್ಗಿದ ಚಂದ್ರ ಮೇಲೆದ್ದ. ಅಷ್ಟು ಹೊತ್ತೂ ನಾನು ಎದುರಿನ ಬಂಡೆ ಎಂದುಕೊಂಡಿದ್ದು ಕಿವಿ ಅಲ್ಲಾಡಿಸಿತು. ಅದರ ಕಾಲ ಸಂದಿಯಲ್ಲಿ ಮರಿಯಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ. ತಾಯಾನೆ ನಮ್ಮತ್ತ ಸೊಂಡಿಲೆತ್ತಿ ಗಾಳಿ ಮೂಸಿತು. ನಿಂತಿತು. ಆಮೇಲೆ ಮರಿಯನ್ನು ಮುಂದೆ ಬಿಟ್ಟುಕೊಂಡು ನಿಧಾನವಾಗಿ ಹಳ್ಳಕ್ಕೆ ಇಳಿದುಹೋಯಿತು.

ದಾರಿಯಲ್ಲಿ ಅಜ್ಜಿ ಎದುರಾದಳು, ಬರಿಗಾಲಲ್ಲಿ. ಚಿಕ್ಕಪ್ಪ ಅವಳ ಕಾಲ ಬಳಿ ಕುಸಿದ. "ತಪ್ಪಾಯ್ತವ್ವಾ."

"ಬಯ್ಯೋಕೆ ಬಂದಿಲ್ಲ ಕಣ್ಲಾ," ಎಂದಳು ಅಜ್ಜಿ, ನನ್ನ ತಲೆ ಮುಖ ಎಲ್ಲ ತಡವುತ್ತಾ. "ಮುಂಚೇನೇ ಬರೋಣ ಅಂದ್ರೆ ಕಣ್ಣು ಕಾಣಲಿಲ್ಲ. ನಾನೂ ಚಂದ್ರನ್ನೇ ಕಾಯ್ತಾ ಕೂತಿದ್ದೆ."

ಆ ಮನೆ ಈಗಿಲ್ಲ. ಕೊನೆಯ ವರ್ಷ ಅಜ್ಜಿ ಹೊಸೂರಿನ ನಮ್ಮ ಮನೆಯಲ್ಲಿದ್ದಳು. ಸುತ್ತಲ ಕಟ್ಟಡಗಳ ನಡುವೆ ಅವಳಿಗೆ ಎಣಿಕೆ ತಪ್ಪಿಹೋಯಿತು, "ಇವತ್ತೇನ್ಲಾ?" ಎಂದು ಕೇಳುತ್ತಿದ್ದಳು. ಚಿಕ್ಕಪ್ಪ ಮಂಚದ ಪಕ್ಕ ಕೂತು ಬಿದಿಗೆ, ತದಿಗೆ, ಚೌತಿ ಎಂದು ಒಂದು ದಿನವೂ ತಪ್ಪದೆ ಹೇಳಿದ. ಅವಳು ಹೋದದ್ದು ಒಂದು ಮಧ್ಯಾಹ್ನ. ಜನ ಬರತೊಡಗಿದಾಗ ಚಿಕ್ಕಪ್ಪ ಕಾಣಲಿಲ್ಲ. ಹುಡುಕಿಕೊಂಡು ಮಾಳಿಗೆಗೆ ಹೋದೆ. ಕಾರ್ಖಾನೆಯ ತಗಡಿನ ಸೂರುಗಳ ಮೇಲೆ, ಹಾಡುಹಗಲಿನ ಬಿಸಿಲಲ್ಲಿ, ಬಿಳಿಚಿಕೊಂಡ ಅರ್ಧಚಂದ್ರ ಸೂರ್ಯನ ಕಡೆಗೆ ಮುಖ ಮಾಡಿ ನಿಂತಿದ್ದ.

"ಅಷ್ಟಮಿ ಕಣಮ್ಮ," ಎಂದ ಚಿಕ್ಕಪ್ಪ, ತಿರುಗಿ ನೋಡದೆ. "ಇವತ್ತಿನ್ನೂ ಹೇಳಿರ್ಲಿಲ್ಲ ಅವಳಿಗೆ."