ಮುಟ್ಟದೆ ದಾಟಿಸಿದ ತಟ್ಟೆ

ಹುಣಸೂರು ಬಸ್ ಸ್ಟ್ಯಾಂಡಿನ ಹೊರಗೆ ನಿಂತಿದ್ದೆ. ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡ ಗಾಡಿಯೊಂದು ಪಕ್ಕದಲ್ಲೇ ಬಂದು ನಿಂತಿತು. ಬ್ಯಾರನ್ನಿನಲ್ಲಿ, ಅಂದರೆ ಬೆಂಕಿ ಹಾಕಿ ಸೊಪ್ಪು ಹದ ಮಾಡುವ ಗೂಡಿನಲ್ಲಿ, ಬೆಂದ ಸೊಪ್ಪಿನ ವಾಸನೆ ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ, ಬೆಲ್ಲದ ಪಾಕಕ್ಕೆ ಹೊಗೆ ಹತ್ತಿದ ಹಾಗೆ. ಆ ವಾಸನೆಗೆ ದೊಡ್ಡವ್ವನ ಕೈಗಳು ನೆನಪಾದವು. ಹಿಂದೆಯೇ ಎಲ್ಲರೂ ಅವರ ಬಗ್ಗೆ ಹೇಳುವ ಆ ಮಾತೂ.

“ಆ ಮುದುಕಿ ಹಟದಿಂದ್ಲೇ ಮಂಟಪ ಮುರ್ದೋಯ್ತು.”

ಮದುವೆಮನೆಗಳಲ್ಲಿ, ತಿಥಿಮನೆಗಳಲ್ಲಿ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಇದು ಸರಿಯಲ್ಲ ಎನ್ನಲು ನನ್ನ ಬಳಿ ಇರುವುದು ಒಂದೇ ಕಾರಣ. ದೊಡ್ಡವ್ವ ಹಟ ಹಿಡಿದಿದ್ದಷ್ಟು ಕಾಲವೂ ಮಂಟಪ ಇತ್ತು. ಮುರಿದದ್ದು ಅವರು ಒಪ್ಪಿಕೊಂಡ ಮೇಲೆ.

ಮಂಟಪ ಎಂದರೆ ನಮ್ಮ ಜಮೀನು, ಅನುಭವ ಮಂಟಪದ ನೆನಪಿಗೆ ಇಟ್ಟ ಹೆಸರು. ನಾನು ಹೈಸ್ಕೂಲಿನಲ್ಲಿದ್ದಾಗ, ಲಿಂಗ ಕಟ್ಟುವ ಏಳೆಂಟು ಮನೆಯವರು ತಂತಮ್ಮ ಹೊಲ ಮಾರಿ ಪಿರಿಯಾಪಟ್ಟಣದ ಕಡೆ ಒಂದೇ ಜಮೀನು ಕೊಂಡಿದ್ದರು. ಶರಣರ ಹಾಗೆ ಬದುಕಬೇಕು ಎಂಬುದು ಆಸೆ. ಒಂದೇ ಒಲೆ, ಎಲ್ಲರಿಗೂ ಕೆಲಸ, ಬೆಳಗ್ಗೆ ಒಟ್ಟಿಗೆ ಲಿಂಗಪೂಜೆ. ಇಲ್ಲಿ ಹೊಗೆಸೊಪ್ಪು ಬೆಳೆಯುವುದಿಲ್ಲ ಎಂದು ಮೊದಲ ದಿನವೇ ಎಲ್ಲರೂ ಲಿಂಗ ಹಿಡಿದು ಮಾತು ಕೊಟ್ಟಿದ್ದರು. ದೊಡ್ಡವ್ವ ಗಂಡನ ಬ್ಯಾರನ್ನಿಗೆ ಅರ್ಧ ಆಯುಷ್ಯ ಸೌದೆ ತುರುಕಿದವರು. ಆ ಮಾತನ್ನು ನಂಬಿಯೇ, ತಮ್ಮ ಪಾಲಿನ ಹೊಲ ಮಾರಿ ಒಂಟಿಯಾಗಿ ಬಂದಿದ್ದರು.

ನನಗೆ ಅವರು ರಕ್ತಸಂಬಂಧಿಯಲ್ಲ, ಎಲ್ಲರಿಗೂ ದೊಡ್ಡವ್ವ. ಅವರನ್ನು ಸಾಧ್ವಿ ಮಾಡುವುದಕ್ಕೂ ನಾನು ತಯಾರಿಲ್ಲ. ಚೌಕಾಬಾರದಲ್ಲಿ ಕವಡೆ ಉರುಳಿಸುವಾಗ ಮೋಸ ಮಾಡುತ್ತಿದ್ದರು, ಸಿಕ್ಕಿಬಿದ್ದರೆ ಕಣ್ಣು ಮಂಜು ಎನ್ನುತ್ತಿದ್ದರು. ಚರ್ಚಾಸ್ಪರ್ಧೆಗೆ ಹೊರಡುವ ಮೊದಲು ನಾನು ನನ್ನ ವಾದವನ್ನೆಲ್ಲ ಅವರ ಮುಂದೆ ಒಪ್ಪಿಸುತ್ತಿದ್ದೆ.

“ಅದ್ಯಾಕಂಗೆ ಒದರ್ತೀಯ ಲಾಯರಮ್ಮ? ನಾನೇನ್ ಕಿವುಡೀನಾ?” ಎನ್ನುತ್ತಿದ್ದರು. ಆಮೇಲೆ ನನ್ನ ವಾದದ ಬುಡಕ್ಕೇ ಕೈ ಹಾಕುತ್ತಿದ್ದರು.

ಸಂಜೆ ಪೂಜೆಯಾದ ಮೇಲೆ ದೊಡ್ಡವರೆಲ್ಲ ಸುತ್ತ ಕೂರುತ್ತಿದ್ದರು. ನಿವೃತ್ತ ಮೇಷ್ಟ್ರೊಬ್ಬರು ವಿಷಯ ಮುಂದಿಡುತ್ತಿದ್ದರು. ನಂತರ ವಿಭೂತಿಯ ತಟ್ಟೆ ಸುತ್ತು ಬರುತ್ತಿತ್ತು. ಒಪ್ಪಿಗೆಯಿದ್ದವರು ಹಣೆಗೆ ಹಚ್ಚಿಕೊಳ್ಳಬೇಕು, ಇಲ್ಲದವರು ಮುಟ್ಟದೆ ಪಕ್ಕದವರಿಗೆ ದಾಟಿಸಬೇಕು. ಒಬ್ಬರು ದಾಟಿಸಿದರೂ ಆ ಕೆಲಸ ನಡೆಯದು. ತಟ್ಟೆ ಮೇಷ್ಟ್ರ ಕೈಗೆ ವಾಪಸ್ಸಾಗಿ, ಮಾತು ಮುಗಿಯುವ ತನಕ ಊಟವೂ ಇಲ್ಲ. ಹೊರಗಿನಿಂದ ಬಂದವರು ನೋಡಿ ಕೈಮುಗಿಯುತ್ತಿದ್ದರು. ದೇವರನ್ನು ಆಗಲೂ ನಂಬದಿದ್ದ ನನಗೂ ಆ ತಟ್ಟೆಯ ಮೇಲೆ ಒಂದು ಗೌರವವಿತ್ತು...

ಕೆಲವು ವರ್ಷಗಳ ಮೇಲೆ ಹೊಗೆಸೊಪ್ಪಿನ ಮಾತು ಬಂತು. ರಾಗಿ, ತರಕಾರಿ ಹೊಟ್ಟೆಗೆ ಸಾಲುತ್ತಿದ್ದವು, ಕೈಗೆ ಏನೂ ಉಳಿಯುತ್ತಿರಲಿಲ್ಲ. ಮಕ್ಕಳ ಓದು ಮುಂದಿತ್ತು, ಅದರಲ್ಲಿ ನನ್ನದೂ ಸೇರಿತ್ತು. ಸುತ್ತಲಿನ ಊರೆಲ್ಲ ಬೆಳೆಯುತ್ತಿದ್ದ ಬೆಳೆ. ಅದನ್ನು ಪಾಪ ಎಂದು ನಾನು ಇವತ್ತಿಗೂ ವಾದಿಸುವುದಿಲ್ಲ. ತಟ್ಟೆ ಬಂತು. ಎಲ್ಲರೂ ಹಚ್ಚಿಕೊಂಡರು. ದೊಡ್ಡವ್ವ ದಾಟಿಸಿದರು.

“ಲಿಂಗ ಇಡ್ಕಂಡು ಮಾತ್ ಕೊಟ್ಟಿದ್ದೋ ಇಲ್ವೋ? ಅಷ್ಟೇ ನಾನ್ ಕೇಳದು.”

ಮಾರನೆಯ ಸಂಜೆ ಮತ್ತೆ ಅದೇ ವಿಷಯ, ಅದೇ ತಟ್ಟೆ. ಅದರ ಮಾರನೆಯ ಸಂಜೆಯೂ. ಯಾರೂ ಅವರನ್ನು ಗದರಲಿಲ್ಲ. ಹೊಲದಲ್ಲಿ ಅವರ ಸಾಲಿನ ಪಕ್ಕ ಕಳೆ ಕೀಳುವವರು ಕಡಿಮೆಯಾದರು, ಅಷ್ಟೇ. ಬೇಡ ಎನ್ನುವವರು ಪ್ರತಿ ಸಂಜೆಯೂ ಬೇಡ ಎನ್ನುತ್ತಲೇ ಇರಬೇಕಿತ್ತು. ಬೇಕು ಎನ್ನುವುದನ್ನು ಒಂದು ಸಲ ಅಂದರೆ ಸಾಕಿತ್ತು. ಇಷ್ಟು ದೊಡ್ಡ ಓರೆ ಅಷ್ಟು ಜನ ಭಕ್ತರಿಗೆ ಹೇಗೆ ಕಾಣದೆ ಹೋಯಿತೋ!

ಒಂದು ಸಂಜೆ ಮಾತು ಬಹಳ ಎಳೆಯಿತು. ತೊಡೆಯ ಮೇಲೆ ಮಗು ಮಲಗಿಸಿಕೊಂಡಿದ್ದ ಹೆಂಗಸೊಬ್ಬರು ತಡೆಯಲಾರದೆ ಅಂದರು, “ನಿಮ್ಮೊಬ್ರ ದೆಸೆಯಿಂದ ಮಕ್ಳು ಮರಿ ಎಲ್ಲಾ ಅಸ್ಕಂಡ್ ಕೂತವೆ. ನಿಮ್ಗೆ ಕರುಳೇ ಇಲ್ವಾ ದೊಡ್ಡವ್ವ?”

ದೊಡ್ಡವ್ವ ಆ ಮಗುವನ್ನೇ ನೋಡಿದರು. “ಐತೆ ಕಣವ್ವ. ತತ್ತಾ ಇತ್ತಾಗೆ,” ಎಂದು ಕೈ ಚಾಚಿ ತಟ್ಟೆ ಇಸಿದುಕೊಂಡು ಹಣೆಗೆ ವಿಭೂತಿ ಎಳೆದುಕೊಂಡರು. “ಶಿವನ ಚಿತ್ತ” ಎಂದರು ಮೇಷ್ಟ್ರು. ಎಲೆ ಹಾಕಿದರು. ಅವತ್ತು ಎಲ್ಲರೂ ನಗುನಗುತ್ತಾ ಉಂಡರು.

ಜಮೀನಿನ ಮೂಲೆಯಲ್ಲಿ ಬ್ಯಾರನ್ ಎದ್ದಿತು. ಸೊಪ್ಪು ಬಂದಾಗ, ಬ್ಯಾರನ್ನಿನೊಳಗೆ ನೇತುಹಾಕಲು ಅದನ್ನು ಕಡ್ಡಿಗೆ ಕಟ್ಟುವ ಕೆಲಸಕ್ಕೆ ದೊಡ್ಡವ್ವನೂ ಕೂತರು. ಎಲ್ಲರಿಗೂ ಕೆಲಸ ಎಂಬುದು ನಿಯಮ ತಾನೆ. ಹಸಿ ಸೊಪ್ಪಿನ ಅಂಟು ಕೈಗೆ ಹತ್ತಿ ಕಪ್ಪಗಾಗುತ್ತದೆ, ಸೋಪಿಗೆ ಬಗ್ಗುವುದಿಲ್ಲ. ಅವರು ಬೆಳಗಿನ ಜಾವವೇ ಎದ್ದು ತೊಟ್ಟಿಯ ಹತ್ತಿರ ಬೂದಿ ಹಾಕಿ, ನಿಂಬೆಹಣ್ಣು ಹಾಕಿ ಅಂಗೈ ಉಜ್ಜುತ್ತಿದ್ದರು. ಪೂಜೆಗೆ ಲಿಂಗವನ್ನು ಇಟ್ಟುಕೊಳ್ಳುವುದು ಆ ಅಂಗೈಯಲ್ಲೇ. ಪೂಜೆಯಾಗದೆ ಅವರು ನೀರನ್ನೂ ಕುಡಿಯುವವರಲ್ಲ.

ಕಾಲೇಜಿನಿಂದ ರಜೆಗೆ ಬಂದಿದ್ದಾಗ ಒಂದು ದಿನ ನೋಡಿದೆ. ಬೆಳಗಿನ ಪೂಜೆಗೆ ಎಲ್ಲರೂ ಕೂತಿದ್ದರು, ದೊಡ್ಡವ್ವ ಕಂಬದ ಹತ್ತಿರ ಬರಿಗೈಯಲ್ಲಿ ನಿಂತಿದ್ದರು.

“ಯಾಕ್ ದೊಡ್ಡವ್ವ?” ಎಂದೆ.

“ಕೈ ಸರಿ ಇಲ್ಲ ಕಣವ್ವ.”

ಆ ಸೊಪ್ಪು ಮುಗಿಯುವ ಮೊದಲೇ ಅವರು ಚುಂಚನಕಟ್ಟೆ ಕಡೆಯ ತಂಗಿಯ ಮನೆಗೆ ಹೊರಟುಹೋದರು. ಯಾರೂ ತಡೆದ ಹಾಗೆ ಕಾಣೆ.

ಆಮೇಲೆ ಮಂಟಪದಲ್ಲಿ ತಟ್ಟೆಯನ್ನು ಮುಟ್ಟದೆ ದಾಟಿಸಿದವರೇ ಇಲ್ಲ. ಏನು ಕೇಳಿದರೂ ಒಪ್ಪಿಗೆ. ಬೇರೆ ಬೇರೆ ಒಲೆ ಹೂಡೋಣವೇ? ಒಪ್ಪಿಗೆ. ಜಮೀನು ಪಾಲು ಮಾಡಿಕೊಳ್ಳೋಣವೇ ಎಂಬ ಸಂಜೆಯೂ ತಟ್ಟೆ ಒಂದೇ ಸುತ್ತಿಗೆ ಮುಗಿಯಿತಂತೆ. ಎಲ್ಲರ ಹಣೆಯೂ ಬೆಳ್ಳಗಿತ್ತಂತೆ.

ದೊಡ್ಡವ್ವ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಲ್ಲ ಕಾರ್ಯ ಮುಗಿದ ಮೇಲೆ. ಈಗ ವಾದದಲ್ಲಿ ಗೆದ್ದು ಬಂದ ದಿನ, ನನ್ನ ಮಾತಿನ ಬುಡಕ್ಕೆ ಕೈ ಹಾಕುವವರು ಮನೆಯಲ್ಲಿ ಯಾರೂ ಇಲ್ಲ. ಗೆಲ್ಲುವುದೂ ಬೇಸರವೇ.

ಹುಣಸೂರಿನಲ್ಲಿ ಅವತ್ತು ಮೈಸೂರು ಬಸ್ಸು ಹತ್ತಲಿಲ್ಲ. ಕೆ.ಆರ್. ನಗರದ ಬಸ್ಸು ಹತ್ತಿ ಮೇಷ್ಟ್ರನ್ನು ನೋಡಲು ಹೋದೆ. ಮಗಳ ಮನೆಯ ಜಗುಲಿಯಲ್ಲಿ ಕೂತಿದ್ದರು. ವಯಸ್ಸಾಗಿದೆ, ನೆನಪು ಚೆನ್ನಾಗಿದೆ. ಮಾತು ದೊಡ್ಡವ್ವನ ಕಡೆ ತಿರುಗಿದಾಗ ಅವರೂ ಹಟದ ಮಾತನ್ನೇ ತೆಗೆದರು.

“ಕೊನೆಗೆ ಆಯಮ್ಮನೂ ಒಪ್ಪಿದ್ರಲ್ಲವ್ವ. ನಾವೇನು ಬಲವಂತ ಮಾಡಿದ್ವಾ? ಕೇಳಿದ್ವಿ, ಅಷ್ಟೇ.”

ನಾನು ಜಗಳಕ್ಕೆ ಹೋದವಳಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದೆ:

“ಮೇಷ್ಟ್ರೇ, ಅವತ್ತೂ ದೊಡ್ಡವ್ವ ತಟ್ಟೆ ಮುಟ್ಟದೆ ದಾಟಿಸಿದ್ದಿದ್ರೆ, ಮಾರನೇ ದಿನ ನೀವು ಕೇಳೋದನ್ನ ಬಿಡ್ತಿದ್ರಾ?”