ಅಕ್ಕನ ಮೂಗನ್ನು ಎತ್ತರಿಸಿದ್ದು

ಮುಖ ತಿದ್ದುವ ವಿದ್ಯೆಯನ್ನು ನಾನು ಜೀವನದಲ್ಲಿ ಒಂದೇ ಒಂದು ಸಲ ಪ್ರಯೋಗಿಸಿದ್ದೇನೆ. ಅದೂ ನನ್ನ ಮುಖದ ಮೇಲಲ್ಲ, ಅಕ್ಕನ ಮುಖದ ಮೇಲೆ. ಸ್ವಂತ ಮುಖವನ್ನು ಒಡ್ಡುವಷ್ಟು ದಡ್ಡಿ ನಾನಾಗಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಶಿರಾದಲ್ಲಿದ್ದೆವು. ಅಕ್ಕ ಸಾವಿತ್ರಿಯದು ಸ್ವಲ್ಪ ಅಗಲವಾದ ಮೂಗು. ನಮ್ಮ ಕವಿಗಳು ಹೆಣ್ಣಿನ ಮೂಗಿಗೆ ಸಂಪಿಗೆಯ ಮೊಗ್ಗನ್ನು ಅಳತೆಗೋಲಾಗಿ ಇಟ್ಟು ಆರಾಮವಾಗಿ ಹೊರಟುಹೋದರು. ಅದರ ಫಲ ಉಣ್ಣಬೇಕಾದವರು ನಾವು. ಹೆಣ್ಣು ನೋಡಲು ಬಂದ ಎರಡು ಮನೆಯವರು ಉಪ್ಪಿಟ್ಟು ತಿಂದು, ಹೊಗಳಿ, ಊರಿಗೆ ಹೋದಮೇಲೆ "ಎಲ್ಲಾ ಸರಿ, ಮೂಗೊಂದು..." ಎಂದು ಕಾಗದ ಬರೆದರು. ಎರಡನೆಯ ಕಾಗದ ಬಂದ ದಿನ ಅಕ್ಕ ಅಳಲಿಲ್ಲ. ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ನನಗೆ ತಡೆಯಲಾಗದೆ ಹೋದದ್ದು ಅದೇ.

ಊರಿನ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದ ಬಾಷಾ ಸಾಬರ ಬಳಿ ಹೋದೆ. ಚಪ್ಪಟೆ ಮೂಗಿನ ಗುಮಾಸ್ತರನ್ನು ಅವರು ಅರ್ಜುನನನ್ನಾಗಿ ಮಾಡುವುದನ್ನು ಕಂಡಿದ್ದೆ. "ಕಪ್ಪು ಹಚ್ಚಿದ್ದು ಒಳೀಕ್ ಹೋಯ್ತದೆ, ಬಿಳುಪು ಹಚ್ಚಿದ್ದು ಮುಂದಕ್ಕೆ ಬತ್ತದೆ. ಇಷ್ಟೇ ಕಣಮ್ಮ ವಿದ್ಯೆ. ಆದ್ರೆ..." ಎಂದರು. ಅರ್ಧ ಕಲಿತವರಿಗೆ "ಆದರೆ" ಕೇಳುವ ವ್ಯವಧಾನ ಎಲ್ಲಿಯದು? ನಾನು ಆಗಲೇ ಬೀದಿಯಲ್ಲಿದ್ದೆ.

ಮೂರನೆಯ ಸಲ ಪಾವಗಡದಿಂದ ಬಂದರು. ಹುಡುಗ ಮೇಷ್ಟ್ರು, ಜೊತೆಗೆ ಅವನ ತಾಯಿ ಮತ್ತು ಅಜ್ಜಿ. ನಾನು ಒಳಕೋಣೆಯಲ್ಲಿ ಅಕ್ಕನ ಮೂಗಿನ ಎರಡು ಮಗ್ಗುಲಿಗೂ ಕಾಡಿಗೆ ತೀಡಿದೆ, ನಡುವೆ ಪೌಡರಿನ ಗೆರೆ ಎಳೆದೆ, ಕೆನ್ನೆಯ ಕೆಳಗೂ ಒಂದಿಷ್ಟು ನೆರಳು ಕೊಟ್ಟೆ. ಆ ಮಬ್ಬಿನಲ್ಲಿ ಸಾಕ್ಷಾತ್ ಸಂಪಿಗೆ! ಅಕ್ಕ ತಟ್ಟೆ ಹಿಡಿದು ಪಡಸಾಲೆಯ ಮಟಮಟ ಬಿಸಿಲಿಗೆ ಕಾಲಿಟ್ಟಳು. ನಾಟಕದ ಮುಖಗಳನ್ನು ಜನ ನೋಡುವುದು ಗ್ಯಾಸ್‌ಲೈಟಿನಲ್ಲಿ, ದೂರದಿಂದ ಎಂಬುದು ನನಗೆ ಆಗ ಹೊಳೆಯಿತು.

ಅಜ್ಜಿ ಮುಂದಕ್ಕೆ ಬಾಗಿ ನೋಡಿ, "ಅಯ್ಯೋ ಪಾಪ! ಏಮ್ಮಾ, ಮೂಗಿಗೆ ದೆಬ್ಬ ತಗಿಲಿಂದಾ?" ಎಂದರು. ಪೆಟ್ಟು ಬಿತ್ತೇ ಎಂದು, ನಿಜವಾದ ಮರುಕದಿಂದ.

ಅಪ್ಪ ಅಮ್ಮನನ್ನು ನೋಡಿದರು, ಅಮ್ಮ ನನ್ನನ್ನು ನೋಡಿದಳು, ನಾನು ಕಂಬವನ್ನು ನೋಡಿದೆ. ಅಕ್ಕ ತಟ್ಟೆಯನ್ನು ಕೆಳಗಿಟ್ಟು ಬಚ್ಚಲಿಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆವು. ಬಂದಳು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಪೆಟ್ಟೇನೂ ಬಿದ್ದಿಲ್ಲ ಕಣಜ್ಜಿ. ನನ್ ಮೂಗೇ ಇಂಗೆ. ಎಲ್ರೂ ಸರ್ಯಾಗಿ ನೋಡ್ಕೊಂಬುಡಿ. ಬ್ಯಾಡಾಂದ್ರೆ ಇಲ್ಲೇ ಹೇಳ್ಬುಡಿ, ಊರಿಗ್ ಹೋಗಿ ಕಾಗ್ದ ಬರೀಬ್ಯಾಡಿ."

ಅಪ್ಪ ಕಣ್ಣು ಮುಚ್ಚಿಕೊಂಡರು. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. "ಬಾಮ್ಮಾ, ನನ್ನ ಪಕ್ಕ ಕೂಕೋ" ಎಂದು ತಮ್ಮ ಸೆರಗಿನಿಂದಲೇ ಅವಳ ಮುಖ ಒರೆಸಿದರು. ಅಲ್ಲೇ, ಆಗಲೇ, ಒಪ್ಪಿಗೆಯೂ ಆಯಿತು.

ಈ ಮದುವೆಗೆ ನನ್ನ ಕಾಡಿಗೆಯೇ ಕಾರಣವೆಂದು ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಒಮ್ಮೆ ಭಾವನನ್ನೇ ಕೇಳಿದೆ, ಆ ದಿನ ಮೂಗು ಹೇಗೆ ಕಾಣುತ್ತಿತ್ತು ಎಂದು.

"ಮೂಗಾ?" ಎಂದರು ಭಾವ. "ನಾಚ್ಕೆಗೆ ನಾನು ತಲೆ ಎತ್ತಿದ್ರೆ ತಾನೇ? ‘ನೋಡ್ಕೊಂಬುಡಿ’ ಅಂದ್ಳಲ್ಲ ನಿಮ್ಮಕ್ಕ, ಆಗ ಹೆದ್ರಿ ಎತ್ತಿದ್ದು. ಕಣ್ಣು ನೋಡ್ದೆ. ಅಲ್ಲಿಂದ ಕೆಳೀಕ್ ಇಳಿಯೋ ಧೈರ್ಯ ಇನ್ನೂ ಬಂದಿಲ್ಲ."